ತಮಟೆ ನಮ್ಮದು, ಸುದ್ದಿ ಯಾರದು?

ಒಂದು

ನಮ್ಮ ತಾತ ಊರಿನ ತೋಟಿಯಾಗಿದ್ದ. ಊರಲ್ಲಿ ಯಾರೇ ಸತ್ತರೂ ಸುತ್ತಲ ಹಳ್ಳಿಗಳ ನೆಂಟರಿಗೆ ಆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ನಡುರಾತ್ರಿಯಾಗಲಿ, ಮಳೆಯಾಗಲಿ, ಎದ್ದು ನಡೀಬೇಕು. ಎಂಟು ಹತ್ತು ಮೈಲಿ ನಡೆದು, ನೆಂಟರ ಮನೆಯ ಜಗಲಿಗೆ ದೂರದಲ್ಲಿ ನಿಂತು, ಇಂಥವರು ತೀರಿಕೊಂಡರು ಅಂತ ಕೂಗಿ ಹೇಳಬೇಕು. ಪಂಚಾಯ್ತಿ ಸೇರುವುದಿದ್ದರೆ, ಕಂದಾಯದ ಗಡುವು ಬಂದರೆ, ಜಾತ್ರೆ ಸಾರಬೇಕಾದರೆ ತಮಟೆ ಬಡಿದು ಬೀದಿ ಬೀದಿ ತಿರುಗುವವನೂ ಅವನೇ. ಅಪ್ಪ ಈ ಕತೆ ಹೇಳುವಾಗಲೆಲ್ಲ ಕೊನೆಗೊಂದು ಮಾತು ಸೇರಿಸುತ್ತಿದ್ದ: "ನಮ್ಮವ್ವ ಸತ್ತಾಗ ಮಾತ್ರ ಸುದ್ದಿ ಹೇಳೋಕೆ ಯಾರೂ ಇರ್ಲಿಲ್ಲ ಕಣಪ್ಪಾ. ನಿಮ್ಮ ತಾತಾನೇ ಹೆಣ ಬಿಟ್ಟು ಎದ್ದೋದ."

ಇದು ನಮ್ಮೂರೊಂದರ ಕತೆಯಲ್ಲ. ಊರು ಅಸ್ಪೃಶ್ಯರಿಂದ ಕಿತ್ತುಕೊಳ್ಳುವ ಬಿಟ್ಟಿ ಚಾಕರಿಗಳನ್ನು ಅಂಬೇಡ್ಕರ್ ಒಂದೆಡೆ ಪಟ್ಟಿ ಮಾಡುತ್ತಾರೆ. ಸವರ್ಣೀಯರ ಮನೆಯ ಸಾವು, ಮದುವೆಗಳ ಸುದ್ದಿಯನ್ನು ಎಷ್ಟೇ ದೂರದ ಊರಿಗಾದರೂ ಒಯ್ಯುವುದು ಆ ಪಟ್ಟಿಯಲ್ಲಿದೆ. ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡುವ ಕಾಯಿದೆ ಅಂದಿನ ಮೈಸೂರು ರಾಜ್ಯದಲ್ಲಿ 1961ರಲ್ಲೇ ಬಂತು. ಕಾಯಿದೆ ಬಂದರೂ ತಾತನ ನಡಿಗೆ ನಿಲ್ಲಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ಅಂದರೆ ನಮ್ಮ ಹಳ್ಳಿಗಳ ಸಮಾಚಾರ ವ್ಯವಸ್ಥೆ ಶತಮಾನಗಳ ಕಾಲ ನಮ್ಮವರ ಕಾಲು, ಗಂಟಲು ಮತ್ತು ತಮಟೆಯ ಮೇಲೆ ನಿಂತಿತ್ತು. ಆದರೆ ಯಾವುದು ಸುದ್ದಿ, ಯಾವುದು ಅಲ್ಲ ಅಂತ ತೀರ್ಮಾನ ಮಾಡುವ ಅಧಿಕಾರ ಒಂದು ದಿನವೂ ನಮ್ಮ ಕೈಯಲ್ಲಿ ಇರಲಿಲ್ಲ.

ಈಗ ಆ ತೋಟಿಯ ಮೊಮ್ಮಗನ ಕಿವಿಯಲ್ಲಿ ಇಯರ್‌ಫೋನ್ ಇದೆ. ಪಾಠ ಹೇಳುವ ಕಾಲೇಜಿಗೆ ಎರಡು ಬಸ್ಸು ಹತ್ತಿ ಹೋಗಬೇಕು. ಹೋಗಿ ಬರುವ ಎರಡೂವರೆ ಗಂಟೆಯಲ್ಲಿ ನಾನು ದೇಶದ ರಾಜಕೀಯವನ್ನೆಲ್ಲ ಕಿವಿಯಿಂದ ಕೇಳಿ ಮುಗಿಸುತ್ತೇನೆ. ಪೇಪರ್ ಓದುವುದು ಕಡಿಮೆಯಾಗಿದೆ, ಟಿ.ವಿ. ನೋಡುವುದನ್ನು ಬಿಟ್ಟೇಬಿಟ್ಟಿದ್ದೇನೆ. ಫೋನಿನಲ್ಲಿ ಬೇಕೆಂದಾಗ ಹಾಕಿಕೊಂಡು ಕೇಳುವ ಈ ಮಾತಿನ ಕಾರ್ಯಕ್ರಮಗಳಿಗೆ, ಅಂದರೆ ಪಾಡ್‌ಕಾಸ್ಟುಗಳಿಗೆ, ನನ್ನ ವಯಸ್ಸಿನ ಓದಿದವರಲ್ಲಿ ಬಹಳ ಮಂದಿ ಒಗ್ಗಿಹೋಗಿದ್ದಾರೆ. ಸುದ್ದಿ ಹೊರುತ್ತಿದ್ದವನ ಮೊಮ್ಮಗ ಸುದ್ದಿ ಕೇಳುವವನಾದ. ಇದು ಒಂದು ಹೆಜ್ಜೆ ಮುಂದೆ ಹೋದದ್ದು ಹೌದು. ಆದರೆ ಅವನು ಸುದ್ದಿ ಹೇಳುವವನಾದನೇ? ಅವನು ದಿನಾ ಕೇಳುತ್ತಿರುವ ಸುದ್ದಿ ಯಾರದು? ಇಷ್ಟೇ ನನ್ನ ಪ್ರಶ್ನೆ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಇದೆಂಥ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ವಿಮರ್ಶೆ ಇದುವರೆಗೆ ಕಾವ್ಯ, ಕಾದಂಬರಿ, ಆತ್ಮಕಥನಗಳ ಸುತ್ತಲೇ ಬೆಳೆದಿದೆ. ಓದುವ ಪಠ್ಯವನ್ನು ಅನುಮಾನದಿಂದ ಓದುವುದನ್ನು ನಾವು ಕಲಿತಿದ್ದೇವೆ. ಕೇಳುವುದನ್ನು ಅನುಮಾನದಿಂದ ಕೇಳುವುದು ಇನ್ನೂ ಬಂದಿಲ್ಲ. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾಸಿದ ತವರ, ಅರಗು ಸುರಿಯಬೇಕೆಂದು ಗೌತಮ ಧರ್ಮಸೂತ್ರ ಹೇಳಿತು. ಕಿವಿಯ ಮೇಲೆ ಇಷ್ಟು ಕಾವಲು ಹಾಕಿದ ಸಮಾಜದಲ್ಲಿ ಕೇಳುವುದೆಂಬುದು ಯಾವತ್ತೂ ಮುಗ್ಧ ಕ್ರಿಯೆಯಾಗಿರಲಿಲ್ಲ. ಆ ಕಿವಿ ಈಗ ತೆರೆದಿದೆ. ಅದರೊಳಕ್ಕೆ ಏನು ಹೋಗುತ್ತಿದೆ ಎಂದು ಕೇಳುವುದು ವಿಮರ್ಶೆಯದೇ ಕೆಲಸ.

ಎರಡು

ಮೊದಲು ಈ ಮಾಧ್ಯಮಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ, ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಒಂದು ಬರಹದಲ್ಲಿ. ದಿನಕ್ಕೊಂದು ಸುದ್ದಿ ಆರಿಸಿ ಅರ್ಧ ಗಂಟೆ ಬಿಡಿಸಿ ಹೇಳುವ ಮಾದರಿಗೆ ಬಲ ಬಂದದ್ದು 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ 'ದಿ ಡೈಲಿ' ಆರಂಭಿಸಿದ ಮೇಲೆ. ನಮ್ಮಲ್ಲಿಯೂ ಇಂಗ್ಲಿಷ್ ಪತ್ರಿಕೆಗಳು ಅದೇ ದಾರಿ ಹಿಡಿದವು. ಇಂಡಿಯನ್ ಎಕ್ಸ್‌ಪ್ರೆಸ್ಸಿನ '3 ಥಿಂಗ್ಸ್', ಹಿಂದೂ ಪತ್ರಿಕೆಯ 'ಇನ್ ಫೋಕಸ್' ಇಂಥವು. ಕನ್ನಡದಲ್ಲಿ 'ತಲೆ-ಹರಟೆ' 2018ರಲ್ಲಿ ಶುರುವಾಗಿ, ನೀತಿ, ವಿಜ್ಞಾನ, ಇತಿಹಾಸಗಳನ್ನು ಮಾತುಕತೆಯ ಕನ್ನಡದಲ್ಲಿ ಹೇಳಬಹುದು ಎಂದು ತೋರಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗದೇ ಹೋಗಿದ್ದರೆ ಇದು ಯಾವುದೂ ನಮ್ಮ ಬಸ್ಸಿನ ಸೀಟಿನವರೆಗೆ ಬರುತ್ತಿರಲಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಭಾರತದಲ್ಲಿ ದನಿಯ ಮೂಲಕ ಸುದ್ದಿ ಹೇಳುವ ಹಕ್ಕು ಬಹುಕಾಲ ಸರಕಾರದ ಕೈಯಲ್ಲೇ ಇತ್ತು. ಗಾಳಿಯ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. ಆದರೂ ಖಾಸಗಿ ಎಫ್.ಎಂ. ಕೇಂದ್ರಗಳಿಗೆ ಪರವಾನಗಿ ಕೊಡುವಾಗ ಸ್ವಂತ ಸುದ್ದಿಗೆ ಬಾಗಿಲು ಹಾಕಿಯೇ ಇಟ್ಟರು. 2011ರ ನೀತಿಯೂ ಆಕಾಶವಾಣಿಯ ವಾರ್ತೆಯನ್ನೇ ಬದಲಿಸದೆ ಮರುಪ್ರಸಾರ ಮಾಡಲು ಒಪ್ಪಿತು, ಅಷ್ಟೇ. ಹಳ್ಳಿಯ ಜನ ತಾವೇ ನಡೆಸುವ ಸಮುದಾಯ ಬಾನುಲಿಗೂ ಇಂಥದೇ ಕಟ್ಟು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ 'ನಮ್ಮ ಧ್ವನಿ' ಆರಂಭವಾದಾಗ ಗಾಳಿಯಲ್ಲಿ ದನಿ ಬಿಡಲು ಅನುಮತಿಯೇ ಇರಲಿಲ್ಲ. ಅಲ್ಲಿಯವರು ಕೇಬಲ್ ತಂತಿಯ ಮೂಲಕ ತಮ್ಮ ಕಾರ್ಯಕ್ರಮವನ್ನು ಮನೆಗಳಿಗೆ ಮುಟ್ಟಿಸಿದರು. ಪಾಡ್‌ಕಾಸ್ಟಿಗೆ ಇಂಥ ಪರವಾನಗಿ ಬೇಕಾಗಲಿಲ್ಲ. ಒಂದು ಫೋನಿದ್ದರೆ ಸಾಕು, ಯಾರು ಬೇಕಾದರೂ ಸುದ್ದಿ ಹೇಳಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಒಟ್ಟು ಸಾಕ್ಷರತೆ ಶೇಕಡ 73, ಪರಿಶಿಷ್ಟ ಜಾತಿಗಳದು ಶೇಕಡ 66. ಓದು ಬಾರದವರು ನಮ್ಮಲ್ಲೇ ಹೆಚ್ಚು. ಹಾಗಿರುವಾಗ ಅಕ್ಷರದ ಹಂಗಿಲ್ಲದೆ ಕಿವಿಗೆ ತಲುಪುವ ಸುದ್ದಿ ನಮಗೆ ಸಣ್ಣ ವಿಷಯವಲ್ಲ.

ಮಾತನ್ನು ಇಡಿಯಾಗಿ ಕೇಳುವ ಅವಕಾಶವೂ ಸಣ್ಣದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಅರಸು ಸಂಪುಟದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮಾತಾಡಿದರು. ಆ ಮಾತಿನಿಂದ ನಾಡಿಗೆ ಮುಟ್ಟಿದ್ದು ಒಂದೇ ಪದ: ಬೂಸಾ. ಅದರ ಹಿಂದುಮುಂದಿನ ವಾಕ್ಯಗಳು, ದಲಿತ ಮಕ್ಕಳ ಓದಿನ ಬಗೆಗಿನ ಆತಂಕ, ಇಂಗ್ಲಿಷ್ ಕಲಿಯಬೇಕೆಂಬ ವಾದ, ಎಲ್ಲವೂ ಜರಡಿಯಲ್ಲಿ ಸೋರಿಹೋದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅವತ್ತು ಆ ಭಾಷಣವನ್ನು ಅವರದೇ ದನಿಯಲ್ಲಿ ಪೂರ್ತಿ ಕೇಳುವಂತಿದ್ದರೆ? ಗಲಾಟೆ ಆಗುತ್ತಲೇ ಇರಲಿಲ್ಲ ಎನ್ನಲಾರೆ. ಕೇಳಬೇಕೆಂದವರಿಗಾದರೂ ಕೇಳಿಸುತ್ತಿತ್ತು. ಇಷ್ಟರ ಮಟ್ಟಿಗೆ ಈ ಮಾಧ್ಯಮ ನಮ್ಮ ಪರವಾಗಿ ಇರಬಲ್ಲದು. ಇವತ್ತು ಅದೇ ಪಾಡ್‌ಕಾಸ್ಟಿನಿಂದ ನಲವತ್ತು ಸೆಕೆಂಡು ಕತ್ತರಿಸಿ ಹಂಚುವವರೂ ಇದ್ದಾರೆ, ಅಂದರೆ ಬೂಸಾ ಮಾಡುವ ಯಂತ್ರವೂ ಜೊತೆಗೇ ಬಂದಿದೆ ಎಂಬುದನ್ನು ಮರೆಯಬಾರದು.

ಮೂರು

ಬಾಗಿಲು ತೆರೆಯಿತು. ಒಳಗೆ ಹೋಗಿ ಕುಂತವರು ಯಾರು?

ಈ ಪ್ರಶ್ನೆ ಹೊಸದಲ್ಲ. 1920ರ ಜನವರಿ 31ರಂದು ಅಂಬೇಡ್ಕರ್ 'ಮೂಕನಾಯಕ' ಪಾಕ್ಷಿಕವನ್ನು ಆರಂಭಿಸಿದಾಗ, ಹಣ ಕೊಡುತ್ತೇವೆಂದರೂ ಅದರ ಜಾಹೀರಾತನ್ನು 'ಕೇಸರಿ' ಹಾಕಲಿಲ್ಲ. 1996ರಲ್ಲಿ ವಾಷಿಂಗ್‌ಟನ್ ಪೋಸ್ಟಿನ ದೆಹಲಿ ವರದಿಗಾರ ಒಬ್ಬ ದಲಿತ ಪತ್ರಕರ್ತನನ್ನು ಪರಿಚಯ ಮಾಡಿಕೊಡಿ ಎಂದು ಕೇಳಿದಾಗ, ಪತ್ರಕರ್ತ ಬಿ.ಎನ್. ಉನಿಯಾಲ್ ಎಲ್ಲ ಕಡೆ ಹುಡುಕಿದರು. ಒಬ್ಬನೂ ಸಿಗಲಿಲ್ಲ ಎಂದು ಪಯೊನಿಯರ್ ಪತ್ರಿಕೆಯಲ್ಲಿ ಬರೆದರು. 2006ರಲ್ಲಿ ದೆಹಲಿಯ 37 ಮಾಧ್ಯಮ ಸಂಸ್ಥೆಗಳಲ್ಲಿ ತೀರ್ಮಾನ ಕೈಗೊಳ್ಳುವ 315 ಜನರ ಸಮೀಕ್ಷೆಯಾಯಿತು. ಅವರಲ್ಲಿ ದಲಿತರೂ ಆದಿವಾಸಿಗಳೂ ಇರಲಿಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಮಾಡಿದ ಅಧ್ಯಯನದಲ್ಲಿ ಸುದ್ದಿಮನೆಗಳ 121 ನಾಯಕತ್ವದ ಸ್ಥಾನಗಳಲ್ಲಿ 106 ಮೇಲ್ಜಾತಿಗಳವರ ಕೈಯಲ್ಲಿದ್ದವು. ದಲಿತರು, ಆದಿವಾಸಿಗಳು ಆಗಲೂ ಸೊನ್ನೆ. ಪತ್ರಿಕೆ ಹೋಗಿ ಟಿ.ವಿ. ಬಂತು, ಟಿ.ವಿ. ಹೋಗಿ ವೆಬ್ಬು ಬಂತು. ಯಂತ್ರ ಬದಲಾದಂತೆ ಕುರ್ಚಿ ಬದಲಾಗಲಿಲ್ಲ. ಪಾಡ್‌ಕಾಸ್ಟುಗಳಲ್ಲಿ ದೊಡ್ಡವೆಲ್ಲ ಈ ಸುದ್ದಿಮನೆಗಳಿಂದಲೇ ಹೊರಟವು. ಮಿಕ್ಕವು ಮಹಾನಗರದ, ಇಂಗ್ಲಿಷ್ ಬಲ್ಲ, ಮೈಕು ಕೊಳ್ಳಬಲ್ಲ ಗೆಳೆಯರ ಗುಂಪುಗಳಿಂದ ಬಂದವು.

ಆದರೆ ತಲೆ ಎಣಿಸಿ ಬಿಟ್ಟರೆ ವಿಮರ್ಶೆ ಆಗುವುದಿಲ್ಲ. ಈ ಪ್ರಕಾರದ ರಚನೆಯೊಳಗೇ ಜಾತಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು.

ಆಕಾಶವಾಣಿಯಲ್ಲಿ ವಾರ್ತೆಯನ್ನು 'ಓದುತ್ತಿದ್ದರು'. ಓದುವವರಿಗೂ ನಮಗೂ ನಡುವೆ ಒಂದು ಹಾಳೆ ಇತ್ತು. ಭಾಷೆ ಗ್ರಾಂಥಿಕ, ದನಿ ನಿರ್ಲಿಪ್ತ. ಅದು ಯಜಮಾನಿಕೆಯ ದನಿಯೇ ಆಗಿದ್ದರೂ ತಾನು ನಮ್ಮ ಗೆಳೆಯ ಅಂತ ಹೇಳಿಕೊಂಡಿರಲಿಲ್ಲ. ಪಾಡ್‌ಕಾಸ್ಟ್ ಹಾಗಲ್ಲ. ಇದು ಹರಟೆಯ ರೂಪ. ಇಬ್ಬರೋ ಮೂವರೋ ಸೇರಿ ಮಾತಾಡುತ್ತಾರೆ, ಒಬ್ಬರನ್ನೊಬ್ಬರು ಕಿಚಾಯಿಸುತ್ತಾರೆ, ನಗುತ್ತಾರೆ, ನಡುವೆ ತಮ್ಮ ಬಾಯಿಂದಲೇ ಜಾಹೀರಾತು ಹೇಳುತ್ತಾರೆ. ಕೇಳುವವನಿಗೆ ತಾನೂ ಅವರ ಜೊತೆ ಕೂತಿದ್ದೇನೆ ಅನ್ನಿಸುತ್ತದೆ. ಈ ಆಪ್ತತೆಗೆ ಅವರೂ ಇವರೂ ಅರಳಿಕಟ್ಟೆಯ ರೂಪಕ ಕೊಡುವುದುಂಟು. ಒಳ್ಳೆಯ ರೂಪಕ. ಆದರೆ ನಮ್ಮೂರಿನ ಅರಳಿಕಟ್ಟೆ ನನಗೆ ಗೊತ್ತು. ಅಲ್ಲಿ ಮಾತಾಡುವವರು ಮೇಲೆ ಕೂತಿರುತ್ತಿದ್ದರು. ನಮ್ಮವರು ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳುವುದಕ್ಕೆ ಅಡ್ಡಿ ಇರಲಿಲ್ಲ, ಆಡುವುದಕ್ಕಿತ್ತು. ಇಯರ್‌ಫೋನು ನನ್ನನ್ನು ಆ ಕಟ್ಟೆಯ ಕೆಳಗೇ ನಿಲ್ಲಿಸಿ, ಮೇಲೆ ಕೂತಿದ್ದೀಯ ಎಂಬ ಭ್ರಮೆ ಹುಟ್ಟಿಸುತ್ತದೆ.

'ನಾವು' ಎಂಬ ಪದವನ್ನು ಕೇಳಿ ನೋಡಿ. ನಮ್ಮ ಮನೆಗಳಲ್ಲಿ ಈಗ ಜಾತಿಯ ಮಾತೇ ಬರುವುದಿಲ್ಲ, ನಾವು ಶಾಲೆಯಲ್ಲಿ ಯಾರದೂ ಜಾತಿ ಕೇಳುತ್ತಿರಲಿಲ್ಲ, ನಮಗೆ ಇದೆಲ್ಲ ಗೊತ್ತಾದದ್ದೇ ಕಾಲೇಜಿಗೆ ಬಂದಮೇಲೆ, ಹೀಗೆ ಬರುತ್ತದೆ ಆ 'ನಾವು'. ಹೇಳುವವರು ಒಳ್ಳೆಯವರೇ, ಸುಳ್ಳೂ ಹೇಳುತ್ತಿಲ್ಲ. ಆದರೆ ಆ 'ನಾವು' ಒಳಗೆ ನಾನಿಲ್ಲ. ಒಂದನೇ ಕ್ಲಾಸಿನಲ್ಲೇ ನನ್ನ ಜಾತಿ ಇಡೀ ಶಾಲೆಗೆ ಗೊತ್ತಿತ್ತು. ಅರ್ಧ ಗಂಟೆ ಆ 'ನಾವು' ಕೇಳಿ ಕೇಳಿ, ಗೊತ್ತಿಲ್ಲದೆಯೇ ನಾನೂ ಅವರ ಕಣ್ಣಿಂದ ನನ್ನನ್ನು ನೋಡಿಕೊಳ್ಳತೊಡಗುತ್ತೇನೆ. ಓದುವಾಗ ಕಣ್ಣು ನಿಲ್ಲುತ್ತದೆ, ಸಾಲಿನ ಪಕ್ಕ ಗೆರೆ ಎಳೆದು ಪ್ರಶ್ನೆ ಹಾಕಬಹುದು. ಕೇಳುವಾಗ ದನಿ ನಿಲ್ಲುವುದಿಲ್ಲ, ಕಿವಿಯ ಪಕ್ಕ ಗೆರೆ ಎಳೆಯಲು ಜಾಗವಿಲ್ಲ.

ಎಂ.ಎ. ತರಗತಿಯಲ್ಲಿ ಒಮ್ಮೆ ಇಂಥ ಸಂಚಿಕೆಯೊಂದನ್ನು ಎಲ್ಲರಿಗೂ ಕೇಳಿಸಿ ಚರ್ಚೆ ಮಾಡಿಸಿದೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಬಹಳ ಹೊತ್ತು ಸುಮ್ಮನಿದ್ದು ಎದ್ದು ನಿಂತಳು. "ಸಾರ್, ಅವ್ರು ಹೇಳೋದೆಲ್ಲ ಅರ್ಥ ಆಗ್ತದೆ. ಆದ್ರೆ ಅವ್ರು ನಗೋ ಜಾಗದಲ್ಲಿ ನಂಗೆ ನಗು ಬರಲ್ಲ" ಅಂದಳು. ನಾನು ಮೂರು ಪುಟ ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ, ಅದನ್ನು ಮಡಿಚಿ ಜೇಬಿಗಿಟ್ಟುಕೊಂಡೆ. ಮೀಸಲಾತಿಯ ತೀರ್ಪನ್ನು ಬಿಡಿಸಿ ಹೇಳುತ್ತಾ ನಡುವೆ ಒಂದು ಹಗುರ ಮಾತು ಬಂದು ಎಲ್ಲರೂ ನಕ್ಕ ಸಂಚಿಕೆ ಅದು. ಅವಳಿಗೆ ಅದು ಹಾಸ್ಟೆಲ್ ಸೀಟಿನ, ಫೀಸಿನ, ನಾಳಿನ ಪ್ರಶ್ನೆ.

ಇನ್ನು ಯಾರು ಏನಾಗಿ ಮಾತಾಡುತ್ತಾರೆ ಎಂಬುದು. ಏಪ್ರಿಲ್ 14 ಬಂದಾಗ, ಇಲ್ಲವೇ ಎಲ್ಲೋ ಹಲ್ಲೆಯೋ ಕೊಲೆಯೋ ಆದಾಗ ನಮ್ಮವರೊಬ್ಬರನ್ನು ಅತಿಥಿಯಾಗಿ ಕರೆಯುತ್ತಾರೆ. ಗೌರವದಿಂದಲೇ ಕರೆಯುತ್ತಾರೆ. ಅವರಿಗೆ ಬರುವ ಪ್ರಶ್ನೆ: ನಿಮಗೆ ಹೇಗನ್ನಿಸಿತು? ಅದೇ ಬಜೆಟ್ಟಿನ ದಿನ, ಚುನಾವಣೆಯ ದಿನ, ವಿದೇಶಾಂಗ ನೀತಿಯ ದಿನ ಕರೆಯುವುದು ಬೇರೆಯವರನ್ನು. ಅವರಿಗೆ ಬರುವ ಪ್ರಶ್ನೆ: ಇದರ ಅರ್ಥ ಏನು? ನೋವಿನ ಸಾಕ್ಷಿ ಹೇಳಲು ನಾವು, ಅರ್ಥ ಹೇಳಲು ಅವರು. ಕರ್ನಾಟಕದ ಬಜೆಟ್ಟನ್ನೇ ತೆಗೆದುಕೊಳ್ಳಿ. ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಗಳಿಗೆ ಹಣ ಮೀಸಲಿಡಬೇಕೆಂಬ ಕಾಯಿದೆ 2013ರಲ್ಲಿ ಬಂತು. ಆ ಹಣವನ್ನು ಬೇರೆ ಕೆಲಸಗಳಿಗೆ ಹರಿಸಲು ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದರು. ಅದೇ ವರ್ಷ ಆ ಹಣದಲ್ಲಿ ದೊಡ್ಡ ಪಾಲು ಗ್ಯಾರಂಟಿ ಯೋಜನೆಗಳಿಗೆ ಹೋಯಿತೆಂಬ ವಿವಾದವೂ ಎದ್ದಿತು. ಗ್ಯಾರಂಟಿಗಳಿಂದ ಖಜಾನೆಗೆ ಎಷ್ಟು ಭಾರ ಎಂದು ಲೆಕ್ಕ ಹಾಕುವ ಸಂಚಿಕೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಕೇರಿಗೆ ಬರಬೇಕಾದ ಹಣ ಕೇರಿಗೆ ಬಂತೇ ಎಂದು ಲೆಕ್ಕ ಹಾಕಿದ್ದನ್ನು ದಲಿತ ಸಂಘಟನೆಗಳ ಕರಪತ್ರಗಳಲ್ಲೇ ಓದಿದೆ.

ನಾಲ್ಕು

ಯಾರು ಹೇಳುತ್ತಾರೆ ಎಂಬುದಕ್ಕಿಂತ ಆಳದ ಪ್ರಶ್ನೆ 'ದಿನ' ಎಂಬುದರದು. ದಿನದ ಸುದ್ದಿ ಎಂದರೇನು? ನಿನ್ನೆ ಇಲ್ಲದ್ದು ಇವತ್ತು ಆಗಬೇಕು, ಆಗ ಅದು ಸುದ್ದಿ. ಹಾಗಾದರೆ ನಿನ್ನೆಯೂ ಇದ್ದು, ಇವತ್ತೂ ಇದ್ದು, ನಾಳೆಯೂ ಇರುವಂಥದ್ದು? ಕ್ಷೌರದಂಗಡಿಯಲ್ಲಿ ತಲೆ ಮುಟ್ಟುವುದಿಲ್ಲ, ಹೋಟೆಲಿನಲ್ಲಿ ಲೋಟ ಬೇರೆ, ಹೆಣ ಹೂಳಲು ಜಾಗವಿಲ್ಲ. ಇವು ದಿನಾ ನಡೆಯುವುದರಿಂದಲೇ ದಿನದ ಸುದ್ದಿಯಾಗುವುದಿಲ್ಲ. ಜಾತಿ ಸುದ್ದಿಯಾಗಬೇಕಾದರೆ ರಕ್ತ ಬರಬೇಕು, ಮನೆ ಸುಡಬೇಕು.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೋಡೋಣ. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರಿಗೆ ಪ್ರವೇಶ ಇಲ್ಲದ್ದನ್ನು ಪ್ರಶ್ನಿಸಿದ್ದರಿಂದ ಅಲ್ಲಿ ಬಿಗುವು ಬೆಳೆದಿತ್ತು. 2014ರ ಆಗಸ್ಟ್ 28ರಂದು ದಲಿತ ಕೇರಿಯ ಮೇಲೆ ದಾಳಿಯಾಯಿತು, ಮನೆಗಳಿಗೆ ಬೆಂಕಿ ಇಟ್ಟರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಂದು ಇಡೀ ದೇಶದ ಸುದ್ದಿಯವರ ಬಾಯಲ್ಲಿ ಮರಕುಂಬಿ. ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುಪಾಲು ಜನರಿಗೆ ಜಾಮೀನು ಕೊಟ್ಟಾಗ ಸುದ್ದಿ ಆಗಲೇ ಸಣ್ಣದಾಗಿತ್ತು. ಲೆಕ್ಕ ಹಾಕಿ ನೋಡಿ: ಆ ಊರು ಸುದ್ದಿಯಲ್ಲಿದ್ದದ್ದು 2014ರಲ್ಲಿ ಕೆಲವು ದಿನ, 2024ರಲ್ಲಿ ಕೆಲವು ದಿನ. ನಡುವಿನ ಹತ್ತು ವರ್ಷ ಸಾಕ್ಷಿಗಳು ಕೋರ್ಟಿಗೆ ಅಲೆದದ್ದು, ಆರೋಪಿಗಳ ಮನೆಗಳ ಪಕ್ಕದಲ್ಲೇ ಬದುಕಿದ್ದು, ಕೂಲಿಗೆ ಅವರ ಹೊಲಕ್ಕೇ ಹೋಗಬೇಕೋ ಬೇಡವೋ ಅಂತ ದಿನಾ ಬೆಳಿಗ್ಗೆ ಯೋಚಿಸಿದ್ದು, ಇದು ಯಾರ ಕಾಲಮಾನಕ್ಕೂ ಸೇರಲಿಲ್ಲ.

ಕಂಬಾಲಪಲ್ಲಿಯದು ಇನ್ನೂ ಕಹಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಜನ ದಲಿತರನ್ನು ಸುಟ್ಟುಹಾಕಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಬೆಂಕಿಯ ಸುದ್ದಿ ಎಲ್ಲರಿಗೂ ನೆನಪಿದೆ. ಖುಲಾಸೆಯ ಸುದ್ದಿಯನ್ನು ಎಷ್ಟು ಮಂದಿ ಹೇಳಬಲ್ಲರು? ಸಾಕ್ಷಿಗಳು ತಿರುಗಿಬೀಳುವುದು ನಿಧಾನದ ಕೆಲಸ. ಭಯ, ಸಾಲ, ಹಂಗು ಎಲ್ಲ ಸೇರಿ ವರ್ಷಗಟ್ಟಲೆ ಆಗುವ ಕೆಲಸ. ಆ ನಿಧಾನವನ್ನು ಹಿಡಿಯಲು ದಿನದ ಸುದ್ದಿಗೆ ಪುರುಸೊತ್ತಿಲ್ಲ. ಮರುದಿನ ಬೆಳಿಗ್ಗೆ ಇನ್ನೊಂದು ಸಂಚಿಕೆ ಬರಲೇಬೇಕು.

ಈ ತಪ್ಪಿನಲ್ಲಿ ನನಗೂ ಪಾಲಿದೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಒಳಮೀಸಲಾತಿಯ ತೀರ್ಪು ಕೊಟ್ಟಿತು. ಆ ವಾರವೆಲ್ಲ ನಾನು ಅದರ ಮೇಲಿನ ಸಂಚಿಕೆಗಳನ್ನೇ ಕೇಳಿದೆ. ಆರು ಜನ ಏನಂದರು, ಭಿನ್ನಮತದ ಒಬ್ಬರು ಏನಂದರು, ಕೆನೆಪದರದ ಮಾತು ಎಲ್ಲಿಂದ ಬಂತು, ಬಾಯಿಪಾಠವಾಗಿತ್ತು. ಭಾನುವಾರ ಊರಿಗೆ ಹೋದೆ. ದೊಡ್ಡವ್ವ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಏನಪ್ಪಾ ಮೇಷ್ಟ್ರೇ, ಏನು ಸುದ್ದಿ?" ಅಂದಳು. ನಾನು ತೀರ್ಪು ಹೇಳಲು ಶುರುಮಾಡಿದೆ. ಅವಳು ಕೇಳಿಸಿಕೊಂಡು, "ಅದು ಸರಿ. ಆ ಹುಡುಗನ ಕೇಸು ಏನಾತು?" ಅಂದಳು.

ಯಾವ ಹುಡುಗ? ಪಕ್ಕದೂರಿನಲ್ಲಿ ದೇವಸ್ಥಾನದ ಮುಂದೆ ಬೈಕು ನಿಲ್ಲಿಸಿದನೆಂದು ಹೊಡೆಸಿಕೊಂಡ ನಮ್ಮ ಹುಡುಗ. ಮೂರು ವರ್ಷದ ಹಿಂದಿನ ಮಾತು. ನನಗೆ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಚುನಾವಣೆಯ ಕಣದಿಂದ ಯಾರು ಯಾಕೆ ಹಿಂದೆ ಸರಿದರು ಎಂಬುದು ಗೊತ್ತಿತ್ತು. ನಾಲ್ಕು ಮೈಲಿ ಆಚೆಯ ಕೇಸು ಗೊತ್ತಿರಲಿಲ್ಲ. ದಿನಾ ಎರಡೂವರೆ ಗಂಟೆ ಸುದ್ದಿ ಕೇಳುವವನಿಗಿಂತ ಕಟ್ಟೆಯ ಹತ್ತಿರ ಹೋಗದ ದೊಡ್ಡವ್ವನ ಸುದ್ದಿಯ ಪ್ರಜ್ಞೆ ನೇರವಾಗಿತ್ತು. ಅವಳಿಗೆ ಸುದ್ದಿ ಎಂದರೆ ಹೊಸತಾದದ್ದಲ್ಲ, ಮುಗಿಯದೇ ಉಳಿದದ್ದು.

ನನ್ನ ಮಟ್ಟಿಗೆ ದಲಿತ ವಿಮರ್ಶೆ ಈ ವ್ಯಾಖ್ಯೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮ ಕೇರಿಯ ಹುಡುಗರ ಫೋನುಗಳಲ್ಲಿ 1955ರಲ್ಲಿ ಬಿ.ಬಿ.ಸಿ. ದಾಖಲಿಸಿಕೊಂಡ ಅಂಬೇಡ್ಕರರ ಸಂದರ್ಶನ ಇದೆ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಹಾಕಿಕೊಂಡು ಕೇಳುತ್ತಾರೆ. ಆ ದನಿಗೆ ಎಪ್ಪತ್ತು ವರ್ಷವಾಯಿತು. ಅವರಿಗದು ಹಳೆಯ ಸುದ್ದಿಯಲ್ಲ, ಯಾಕೆಂದರೆ ಅದರಲ್ಲಿರುವ ಪ್ರಶ್ನೆ ಮುಗಿದಿಲ್ಲ.

ಐದು

ಹಾಗಾದರೆ ಮಾಡಬೇಕಾದದ್ದೇನು? ಕಿವಿ ಮುಚ್ಚಿಕೊಳ್ಳಿ ಎಂದು ನಾನು ಹೇಳಲಾರೆ. ಎಷ್ಟೋ ಕಷ್ಟಪಟ್ಟು ತೆರೆದ ಕಿವಿ ಇದು. ಸುಪ್ರೀಂ ಕೋರ್ಟಿನ ತೀರ್ಪು, ಸಂಸತ್ತಿನ ಚರ್ಚೆ, ವಿದೇಶದ ವ್ಯವಹಾರ ಎಲ್ಲವೂ ನಮಗೂ ಬೇಕು. ಕೇರಿಯವನು ಕೇರಿಯದ್ದನ್ನೇ ಕೇಳಿಕೊಂಡಿರಲಿ ಎನ್ನುವುದು ಇನ್ನೊಂದು ಬಗೆಯ ಹೊಲಗೇರಿ. ನನ್ನ ಮಾತು ಇಷ್ಟೇ: ಕೇಳುವುದೂ ಓದಿನಷ್ಟೇ ಕಟ್ಟುನಿಟ್ಟಿನ ಕ್ರಿಯೆಯಾಗಬೇಕು. 'ನಾವು' ಅಂದಾಗ ಯಾರು, ನಕ್ಕಾಗ ಯಾಕೆ, 'ಎರಡು ಗುಂಪುಗಳ ನಡುವೆ ಘರ್ಷಣೆ' ಅಂದಾಗ ಹೊಡೆದವರು ಯಾರು ಹೊಡೆಸಿಕೊಂಡವರು ಯಾರು, ಹೀಗೆ ನಿಲ್ಲಿಸಿ ನಿಲ್ಲಿಸಿ ಕೇಳಬೇಕು.

ಹೇಳುವವರೂ ಆಗಬೇಕು. ಇದಕ್ಕೆ ಮಾದರಿಗಳಿಲ್ಲದೆ ಇಲ್ಲ. ಬುಂದೇಲಖಂಡದಲ್ಲಿ 2002ರಲ್ಲಿ ಹುಟ್ಟಿದ 'ಖಬರ್ ಲಹರಿಯಾ'ದಲ್ಲಿ ದಲಿತ ಹೆಣ್ಣುಮಕ್ಕಳೇ ಮುಂದಾಗಿ ವರದಿ ಮಾಡಿದರು. 'ದಲಿತ್ ಕ್ಯಾಮೆರಾ' 2011ರಿಂದ ನಮ್ಮವರ ಮಾತನ್ನು ಕತ್ತರಿಸದೆ ದಾಖಲಿಸಿತು. 2021ರಲ್ಲಿ ಪತ್ರಕರ್ತೆ ಮೀನಾ ಕೋತ್ವಾಲ್ ಅಂಬೇಡ್ಕರರ ಪತ್ರಿಕೆಯ ಹೆಸರನ್ನೇ ಇಟ್ಟು 'ದಿ ಮೂಕನಾಯಕ್' ಆರಂಭಿಸಿದರು. ಕನ್ನಡದಲ್ಲಿ ದಲಿತ ಚಳವಳಿಗೆ 'ಪಂಚಮ'ದಂಥ ಪತ್ರಿಕೆಯ ನೆನಪಿದೆ, ಬೀದಿ ಬೀದಿಯಲ್ಲಿ ಹಾಡಿ ಸುದ್ದಿ ಮುಟ್ಟಿಸಿದ ಹಾಡುಗಾರರ ಪರಂಪರೆ ಇದೆ. ನಮ್ಮ ಗಂಟಲಿಗೆ ತರಬೇತಿ ಬೇಕಾಗಿಲ್ಲ. ಇನ್ನೊಂದು ವಿಷಯ ಗಮನಿಸಬೇಕು. ಮೂಕನಾಯಕ ಪಾಕ್ಷಿಕವಾಗಿತ್ತು. ಹದಿನೈದು ದಿನ ಕಾದು, ಏನಾಯಿತು ಎಂಬುದರ ಜೊತೆಗೆ ಮುಂದೇನಾಯಿತು ಎಂಬುದನ್ನೂ ಹೇಳುವ ಕಾಲ ಅದು. ದಿನದವರ ಜೊತೆ ಓಡಿ ಸೋಲುವುದಕ್ಕಿಂತ, ಒಂದೇ ಕೇಸನ್ನು ಹತ್ತು ವರ್ಷ ಬಿಡದೆ ಹೇಳುವ ಒಂದು ದನಿ ನಮಗೆ ಬೇಕು.

ಇಲ್ಲಿ ನಮ್ಮೊಳಗಿನ ಒಂದು ಮಾತನ್ನೂ ಆಡಬೇಕು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ 101 ಜಾತಿಗಳಿವೆ. 2025ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟಿತು. ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇಕಡ 1 ಕೊಡಬೇಕೆಂಬ ಶಿಫಾರಸು ಅದರಲ್ಲಿತ್ತು. ಸಚಿವ ಸಂಪುಟ ಶೇಕಡ 17ನ್ನು 6, 6, 5 ಎಂದು ಹಂಚಿ, ಅಲೆಮಾರಿಗಳನ್ನು ಕೊನೆಯ ಗುಂಪಿನಲ್ಲಿ ತಮಗಿಂತ ಬಲವುಳ್ಳವರ ಜೊತೆ ಸೇರಿಸಿತು. ಅವರು ಬೆಂಗಳೂರಿನಲ್ಲಿ ಧರಣಿ ಕೂತರು. ಮೇಲ್ಜಾತಿಯವರ ಕಟ್ಟೆಯ ಬಗ್ಗೆ ಇಷ್ಟೆಲ್ಲ ಬರೆದ ನಾವು, ಎಡಗೈ ಬಲಗೈಯವರು, ನಮ್ಮದೇ ಕಟ್ಟೆ ಕಟ್ಟಿಕೊಂಡಾಗ ಆ ಅಲೆಮಾರಿಗಳಿಗೆ ಅದರ ಮೇಲೆ ಜಾಗ ಕೊಡುತ್ತೇವೆಯೇ? ನಮ್ಮ 'ನಾವು' ಒಳಗೆ ಅವರಿದ್ದಾರೆಯೇ? ಹೆಂಗಸರಿದ್ದಾರೆಯೇ? ಇದನ್ನು ಕೇಳಿಕೊಳ್ಳದ ದಲಿತ ವಿಮರ್ಶೆ ಬೇರೆಯವರ ಕಿವಿ ಹಿಂಡಲು ಹೊರಡಬಾರದು.

ಆ ಭಾನುವಾರದ ನಂತರ ಒಂದು ದಿನ ರಜೆ ಹಾಕಿ ತಾಲ್ಲೂಕಿನ ಕೋರ್ಟಿಗೆ ಹೋದೆ. ಕೇಸಿನ ನಂಬರು ಹುಡುಕಿಸಿ, ವಕೀಲರನ್ನು ಕಂಡು ಮಾತಾಡಿದೆ. ಇಬ್ಬರು ಸಾಕ್ಷಿಗಳ ವಿಚಾರಣೆ ಆಗಿತ್ತು, ಮೂರನೆಯವನು ಬಂದಿರಲಿಲ್ಲ, ಮುಂದಿನ ತಿಂಗಳಿಗೆ ದಿನ ಹಾಕಿದ್ದರು. ಸಂಜೆ ಊರಿಗೆ ಹೋಗಿ ದೊಡ್ಡವ್ವನಿಗೆ ಹೇಳಿದೆ.

"ಅಷ್ಟೇನಾ?" ಅಂದಳು.

"ಅಷ್ಟೇ ದೊಡ್ಡವ್ವ."

"ಸರಿ. ಆ ಮೂರನೇವನ ಮನೆ ಕಡೀಗೂ ಒಂದ್ ಗಳಿಗೆ ಹೋಗಿ ಮಾತಾಡಿಸ್ಕಂಡು ಬಾ. ಮುಂದಿನ ಸಾರಿ ಏನಾತು ಅಂತ ಬಂದು ಹೇಳು."

ಹೋಗಿ ಬಂದೆ. ಅವನ ಮನೆ ನಾಲ್ಕು ಮೈಲಿ. ಬಸ್ಸಿರಲಿಲ್ಲ, ನಡೆದೇ ಹೋದೆ.